ಅಡುಗೆಮನೆಗೆ ಎಷ್ಟು ದಾರಿ?

ಎ3 ಹಾಳೆಯಲ್ಲಿ ಪ್ರಿಂಟ್ ಹಾಕಿಸಿಕೊಂಡು ಹೋಗಿದ್ದ ಪ್ಲ್ಯಾನನ್ನು ಅಮ್ಮ ಜಗಲಿಯ ಮೇಲೆ ಹರಡಿಕೊಂಡಳು. ಕನ್ನಡಕ ಹಾಕಿಕೊಂಡಳು. ಗೇಟಿನ ಹತ್ತಿರ ಬೆರಳಿಟ್ಟು ಸಿಟ್‌ಔಟ್, ಅಲ್ಲಿಂದ ಹಾಲ್, ಹಾಲ್‌ನಿಂದ ಅಡುಗೆಮನೆ ಅಂತ ನಿಧಾನಕ್ಕೆ ಹೋದಳು. ಬೆರಳು ಅಲ್ಲಿ ನಿಂತಿತು.

"ಇಲ್ಲಿಂದ ಎಲ್ಲಿಗೆ ಹೋಗ್ತೀನಿ?"

"ವಾಪಸ್ ಹಾಲ್‌ಗೆ ಬರ್ತೀಯ ಅಮ್ಮ."

"ಚೆನ್ನಾಗಿದೆ ಕಣೋ. ನೀವೆಲ್ಲ ಇರಿ. ನಾನು ಇಲ್ಲೇ ಇರ್ತೀನಿ" ಅಂತ ಹಾಳೆ ಮಡಚಿ ನನ್ನ ಕೈಗೆ ಕೊಟ್ಟು ಎದ್ದುಹೋದಳು.

ಮೈಸೂರಿನ ಹೊರವಲಯದಲ್ಲಿ ನಾವು ತಗೊಂಡಿರೋದು 30×40 ಸೈಟು, ಉತ್ತರಕ್ಕೆ ರಸ್ತೆ. ಮಂಡಿ ಆಪರೇಷನ್ ಆದಮೇಲೆ ಅಪ್ಪನಿಗೆ ಅರಕಲಗೂಡು ಕಡೆಯ ನಮ್ಮೂರಿನಿಂದ ಆಸ್ಪತ್ರೆಗೆ ಓಡಾಡೋದು ಕಷ್ಟವಾಗಿತ್ತು. ಇಬ್ಬರನ್ನೂ ಕರೆತರಬೇಕು ಅಂತಲೇ ಸಾಲ ಮಾಡಿ ಕೊಂಡ ಜಾಗ ಅದು. ಅಪ್ಪ ಒಪ್ಪಿದ್ದರು. ಅಮ್ಮ ಬರದೇ ಅಪ್ಪ ಬರೋದಿಲ್ಲ, ಇಬ್ಬರೂ ಬರದೇ ಆ ಮನೆ ಕಟ್ಟೋದಕ್ಕೆ ಅರ್ಥವಿಲ್ಲ. ಇಎಂಐ ಮಾತ್ರ ಆಗಲೇ ಶುರುವಾಗಿತ್ತು.

ಆ ಪ್ಲ್ಯಾನ್ ಬರೆದದ್ದು ಆರ್ಕಿಟೆಕ್ಟ್ ಅಲ್ಲ. ನಾನೂ ಅಲ್ಲ. ನಾನು ಬರೆದ ಒಂದು ಪ್ರೋಗ್ರಾಮ್ ಸುಮಾರು ನಲವತ್ತು ಲಕ್ಷ ಮನೆಗಳಲ್ಲಿ ಆರಿಸಿ ಕೊಟ್ಟದ್ದು.

ಹನ್ನೆರಡು ಚೌಕ

ಹೇಗೆ ನಲವತ್ತು ಲಕ್ಷ ಅಂತ ಕೇಳಿದರೆ ಲೆಕ್ಕ ಸುಲಭ. 30×40 ಸೈಟನ್ನು ಹತ್ತಡಿ ಚೌಕಗಳಾಗಿ ಕತ್ತರಿಸಿದರೆ 12 ಚೌಕ. ಹಾಲ್, ಅಡುಗೆಮನೆ, ದೇವರ ಮನೆ, ಎರಡು ರೂಮು, ಬಾತ್‌ರೂಮು, ಮೆಟ್ಟಿಲು ಹೀಗೆ ಏಳು ವಸ್ತು. ಮೊದಲನೆಯದನ್ನು 12 ಕಡೆ ಇಡಬಹುದು, ಎರಡನೆಯದನ್ನು 11 ಕಡೆ, ಹೀಗೆ ಗುಣಿಸುತ್ತಾ ಹೋದರೆ 39,91,680. ಲ್ಯಾಪ್‌ಟಾಪಿಗೆ ಇದೇನು ದೊಡ್ಡ ಕೆಲಸ ಅಲ್ಲ. ಒಂದು ಶನಿವಾರ ಮಧ್ಯಾಹ್ನ ಪೈಥಾನ್‌ನಲ್ಲಿ ಬರೆದೆ. ಉಳಿಯುವ ಐದು ಖಾಲಿ ಚೌಕಗಳು ಹಾಲ್‌ಗೋ ಓಡಾಟಕ್ಕೋ ಸೇರಲಿ ಅಂತ ಬಿಟ್ಟೆ.

ಈ 39 ಲಕ್ಷದಲ್ಲಿ ಬಹುಪಾಲು ಹುಚ್ಚು ಮನೆಗಳು. ದೇವರ ಮನೆ ದಾಟಿ ಬಾತ್‌ರೂಮಿಗೆ ಹೋಗುವಂಥವು, ಮೆಟ್ಟಿಲು ನಟ್ಟನಡುವೆ ಬರುವಂಥವು. ನಿಯಮ ಹಾಕಬೇಕು. ಅಪ್ಪನ ಪಟ್ಟು ಎರಡೇ: ಅಡುಗೆಮನೆ ಆಗ್ನೇಯಕ್ಕೆ, ದೇವರ ಮನೆ ಈಶಾನ್ಯಕ್ಕೆ. ಈ ಎರಡು ಸಾಲು ಕೋಡ್ ಬರೆದ ತಕ್ಷಣ 39,91,680 ಇದ್ದದ್ದು 30,240ಕ್ಕೆ ಇಳಿಯಿತು. ಆವತ್ತು ನನಗೆ ಮೊದಲ ಸಲ ವಾಸ್ತು ಬೇರೆ ಥರ ಕಂಡಿತು. ಅದರಿಂದ ಅದೃಷ್ಟ ಬರುತ್ತೋ ಇಲ್ಲವೋ, ಖಾಲಿ ಸೈಟಿನ ಮುಂದೆ ತಲೆ ಕೆಡಿಸಿಕೊಂಡು ನಿಂತವನಿಗೆ ಆಯ್ಕೆ ಕಡಿಮೆ ಮಾಡಿ ಕೊಡುತ್ತೆ.

ಆಯದ ಲೆಕ್ಕವೂ ಹಾಗೇ. ನಮ್ಮ ಕಡೆ ಹಾಕೋದು ಹೀಗೆ: ಉದ್ದ ಅಗಲ ಗುಣಿಸಿ, ಬಂದದ್ದನ್ನು 9ರಿಂದ ಗುಣಿಸಿ 8ರಿಂದ ಭಾಗಿಸಬೇಕು. ಶೇಷ 1 ಬಂದರೆ ಧ್ವಜಾಯ, 2 ಧೂಮ, 3 ಸಿಂಹ, 4 ಶ್ವಾನ, 5 ವೃಷಭ, 6 ಖರ, 7 ಗಜ, ಏನೂ ಉಳಿಯದಿದ್ದರೆ ಕಾಕ. ಬೆಸ ಸಂಖ್ಯೆ ಒಳ್ಳೆಯದು, ಸಮ ಸಂಖ್ಯೆ ಆಗದು. ಇದನ್ನು ಕೋಡ್ ಮಾಡುವಾಗ ನಗು ಬಂತು. 9ನ್ನು 8ರಿಂದ ಭಾಗಿಸಿದರೆ ಶೇಷ 1, ಹಾಗಾಗಿ 9ರಿಂದ ಗುಣಿಸಿದರೂ ಬಿಟ್ಟರೂ ಉತ್ತರ ಒಂದೇ! ಇನ್ನೊಂದು ವಿಷಯ, ಶೇಷ ಬೆಸ ಬರಬೇಕಾದರೆ ಉದ್ದ, ಅಗಲ ಎರಡೂ ಬೆಸ ಅಡಿಗಳೇ ಆಗಿರಬೇಕು. ಅಂದರೆ 30×40 ಅಂತ ನೇರ ಕಟ್ಟಿದರೆ ಕಾಕಾಯವೇ ಗತಿ. ಜೋಯಿಸರಿಗೆ ಇದನ್ನು ಬಹಳ ಉತ್ಸಾಹದಿಂದ ವಿವರಿಸಿದೆ. "ಲೆಕ್ಕ ತಪ್ಪಿಲ್ಲ ತಾನೆ? ಮತ್ತೇನು?" ಅಂದರು.

ಅಷ್ಟೊತ್ತಿಗೆ ಇನ್ನೊಂದು ಮಾನ ಹೋಗುವ ಬಗ್ ಸಿಕ್ಕಿತ್ತು. ಸುತ್ತ ಖಾಲಿ ಬಿಡಬೇಕಾದ ಸೆಟ್‌ಬ್ಯಾಕ್ ಅನ್ನೇ ಮರೆತಿದ್ದೆ. ಅದನ್ನು ಕಳೆದು 25×33ಕ್ಕೆ ಇಳಿಸಿಕೊಂಡೆ. ಮೂರು ಕಾಲಂ, ನಾಲ್ಕು ಸಾಲು ಹಾಗೇ ಉಳಿದವು, ಚೌಕ ಮಾತ್ರ ಎಂಟಡಿ ಚಿಲ್ಲರೆ ಆಯಿತು. 825, ಶೇಷ 1, ಧ್ವಜಾಯ. ಅಪ್ಪ ಖುಷಿ.

ನಾನೇನೋ ಹೊಸದು ಕಂಡುಹಿಡಿದೆ ಅಂದುಕೊಂಡಿದ್ದೆ. ಓದುತ್ತಾ ಹೋದ ಹಾಗೆ ಗೊತ್ತಾಯಿತು, ಇದು ನಮ್ಮಪ್ಪನ ವಯಸ್ಸಿನವರ ಕಾಲದ ಹಳೇ ಆಟ. ಜಾರ್ಜ್ ಸ್ಟೈನಿ ಮತ್ತು ಜೇಮ್ಸ್ ಗಿಪ್ಸ್ 1971ರಲ್ಲೇ ಶೇಪ್ ಗ್ರಾಮರ್ ಅನ್ನೋ ವಿಚಾರ ಮುಂದಿಟ್ಟಿದ್ದರು. ವ್ಯಾಕರಣದ ನಿಯಮಗಳಿಂದ ವಾಕ್ಯ ಹುಟ್ಟುವ ಹಾಗೆ, ಆಕಾರದ ನಿಯಮಗಳಿಂದ ವಿನ್ಯಾಸ ಹುಟ್ಟಬೇಕು ಅನ್ನೋದು ಅದರ ಸಾರ. 1978ರಲ್ಲಿ ಸ್ಟೈನಿ ಮತ್ತು ವಿಲಿಯಂ ಮಿಚೆಲ್ ಸೇರಿ, 16ನೇ ಶತಮಾನದ ಇಟಲಿಯ ಆಂಡ್ರಿಯಾ ಪಲ್ಲಾಡಿಯೋನ ಬಂಗಲೆಗಳಿಗೆ ಇಂಥದೊಂದು ವ್ಯಾಕರಣ ಬರೆದರು. ಚೌಕಗಳ ಜಾಲ ಹಾಕು, ಎಡಬಲ ಸಮವಿರಲಿ, ಪಕ್ಕದ ಚೌಕ ಕೂಡಿಸಿ ಕೋಣೆ ಮಾಡು, ಕಂಬ ಸೇರಿಸು, ಬಾಗಿಲು ಕಿಟಕಿ ಕೊರೆ. ನಿಯಮ ಪಾಲಿಸಿದರೆ ಪಲ್ಲಾಡಿಯೋ ನಿಜವಾಗಿ ಕಟ್ಟಿದ ಮನೆಯೂ ಬರುತ್ತೆ, ಅವನು ಕಟ್ಟದೇ ಬಿಟ್ಟ, ಆದರೆ ಅವನದೇ ಅನ್ನಿಸುವ ಮನೆಯೂ ಬರುತ್ತೆ. ಮೂರು ವರ್ಷದ ನಂತರ ಫ್ರಾಂಕ್ ಲಾಯ್ಡ್ ರೈಟ್‌ನ ಪ್ರೇರಿ ಮನೆಗಳಿಗೂ ಇಂಥದೇ ವ್ಯಾಕರಣ ಬಂತು.

ಅರ್ಥ ಆಗದಿದ್ದರೆ ಗದಗದ ಹತ್ತಿರದ ಡಂಬಳಕ್ಕೆ ಹೋಗಿ ದೊಡ್ಡಬಸಪ್ಪನ ಗುಡಿ ನೋಡಿ. ಕಲ್ಯಾಣ ಚಾಲುಕ್ಯರ ಕಾಲದ್ದು, ಗರ್ಭಗುಡಿಯ ಹೊರಗೋಡೆಗೆ 24 ಮೂಲೆ. ಅದರ ನಕ್ಷೆ ನನ್ನ ಲ್ಯಾಪ್‌ಟಾಪಿನಲ್ಲಿ ನಾಲ್ಕು ಸಾಲಿನ ಕೋಡ್: ಒಂದು ಚೌಕ ಬರೆ, ಅದೇ ಕೇಂದ್ರದ ಮೇಲೆ 15 ಡಿಗ್ರಿ ತಿರುಗಿಸಿ ಮತ್ತೆ ಬರೆ, ಒಟ್ಟು ಆರು ಚೌಕ ಆಗೋವರೆಗೆ. ಆರು ನಾಲ್ಕಲ ಇಪ್ಪತ್ತನಾಲ್ಕು. ನಕ್ಷೆ ನಾಲ್ಕು ಸಾಲಿನದು. ಕಲ್ಲಿನಲ್ಲಿ ಆ ಮೂಲೆಗಳನ್ನು ಶಿಖರದವರೆಗೆ ಒಯ್ದವರ ಕೈಚಳಕಕ್ಕೆ ನನ್ನ ಹತ್ತಿರ ಕೋಡ್ ಇಲ್ಲ.

ಇಷ್ಟೆಲ್ಲ ಓದಿ ಧೈರ್ಯ ಬಂದು ನಿಯಮ ಸೇರಿಸುತ್ತಾ ಹೋದೆ. 30,240 ಕೊನೆಗೆ ಕೆಲವು ನೂರಕ್ಕೆ ಬಂತು. ಪ್ರತಿ ಮನೆಗೂ ಅಂಕ ಕೊಟ್ಟೆ: ಅಡುಗೆಮನೆಯಿಂದ ಊಟದ ಜಾಗಕ್ಕೆ ಎಷ್ಟು ಹೆಜ್ಜೆ, ಅಪ್ಪನ ರೂಮಿಂದ ಬಾತ್‌ರೂಮಿಗೆ ಎಷ್ಟು ಹೆಜ್ಜೆ, ಗೋಡೆ ಎಷ್ಟು ಉದ್ದ, ಅಂದರೆ ಖರ್ಚೆಷ್ಟು. ಮೊದಲ ರ‍್ಯಾಂಕ್ ಬಂದ ಮನೆಯನ್ನೇ ಎ3ಯಲ್ಲಿ ಪ್ರಿಂಟ್ ಮಾಡಿಸಿದ್ದು. ಅದನ್ನೇ ಅಮ್ಮ ಮಡಚಿ ವಾಪಸ್ ಕೊಟ್ಟದ್ದು.

ಒಂದು ಹಳ್ಳಿ, 141 ಸಾಲು

ಆ ರಾತ್ರಿ ಬಸ್ಸಿನಲ್ಲಿ ಮೊಬೈಲಿನಲ್ಲಿ ಹುಡುಕುತ್ತಾ ಕೂತಾಗ ಸಿಕ್ಕಿದ ಹೆಸರು ನನಗೆ ಹೊಸದಲ್ಲ: ಕ್ರಿಸ್ಟೋಫರ್ ಅಲೆಕ್ಸಾಂಡರ್.

ಸಾಫ್ಟ್‌ವೇರ್‌ನಲ್ಲಿ ಇರೋರಿಗೆಲ್ಲ ಡಿಸೈನ್ ಪ್ಯಾಟರ್ನ್ ಗೊತ್ತಿರುತ್ತೆ. ಇಂಟರ್ವ್ಯೂನಲ್ಲಿ "ಸಿಂಗಲ್‌ಟನ್ ಬರೀರಿ" ಅಂತ ಕೇಳಿಸಿಕೊಳ್ಳದವರು ಕಡಿಮೆ. ನಾಲ್ವರು ಲೇಖಕರ ಆ ಪ್ರಸಿದ್ಧ ಪುಸ್ತಕ ಬಂದದ್ದು 1994ರಲ್ಲಿ, ಅದರಲ್ಲಿ 23 ಪ್ಯಾಟರ್ನ್. ಆದರೆ ಪ್ಯಾಟರ್ನ್ ಅನ್ನೋ ಕಲ್ಪನೆ ನಮ್ಮದಲ್ಲ, ಮನೆ ಕಟ್ಟೋರಿಂದ ಕಡ ತಂದದ್ದು. ಅಲೆಕ್ಸಾಂಡರ್ ಆರ್ಕಿಟೆಕ್ಟ್. ಈ ಮಾತು ನನಗೆ ಕಾಲೇಜಿನಲ್ಲೂ ಯಾರೂ ಹೇಳಲಿಲ್ಲ, ಏಳು ವರ್ಷದ ನೌಕರಿಯಲ್ಲೂ ಯಾರೂ ಹೇಳಲಿಲ್ಲ.

ಅವರು ವಿಯೆನ್ನಾದಲ್ಲಿ 1936ರಲ್ಲಿ ಹುಟ್ಟಿ ಇಂಗ್ಲೆಂಡಿನಲ್ಲಿ ಬೆಳೆದವರು. ಕೇಂಬ್ರಿಜ್‌ನಲ್ಲಿ ಗಣಿತ ಮತ್ತು ವಾಸ್ತುಶಿಲ್ಪ ಎರಡೂ ಓದಿ, ಹಾರ್ವರ್ಡ್‌ನಲ್ಲಿ ಪಿಎಚ್‌ಡಿ ಮಾಡಿದರು. ಆ ಕಾಲದಲ್ಲಿ ಅವರು ಬಂದು ಉಳಿದದ್ದು ಎಲ್ಲಿ ಗೊತ್ತಾ? ಗುಜರಾತಿನ ಬಾವ್ರಾ ಅನ್ನೋ ಹಳ್ಳಿಯಲ್ಲಿ. ಆರುನೂರು ಜನರ ಒಂದು ಭಾರತೀಯ ಹಳ್ಳಿಯನ್ನು ಹೊಸದಾಗಿ ರೂಪಿಸಬೇಕಾದರೆ ಏನೇನು ಬೇಕು ಅಂತ ಪಟ್ಟಿ ಮಾಡಿದರು. ಒಟ್ಟು 141 ಸಾಲು. ಹೆಣ ಸಾಗಿಸುವ ವ್ಯವಸ್ಥೆಯಿಂದ ಹಿಡಿದು ದನಕರು, ಹಬ್ಬ, ನೀರಾವರಿ, ಜಾತಿಯ ಕಟ್ಟಳೆ ಎಲ್ಲವೂ ಅದರಲ್ಲಿವೆ. ಮನೆ ಬಾಗಿಲು ದಕ್ಷಿಣಕ್ಕೆ ಇರಬಾರದು ಅನ್ನೋ ನಂಬಿಕೆಗೂ ಒಂದು ಸಾಲು. ಅದನ್ನು ಓದಿ ನನಗೆ ಅಪ್ಪ ನೆನಪಾದರು.

ಆಮೇಲಿನ ಕೆಲಸ ಕಷ್ಟದ್ದು. ಯಾವ ಬೇಡಿಕೆ ಯಾವುದಕ್ಕೆ ತೊಡಕಾಗುತ್ತೆ, ಯಾವುದಕ್ಕೆ ನೆರವಾಗುತ್ತೆ ಅಂತ ಗುರುತು ಹಾಕಬೇಕು. 141 ಸಾಲಿದ್ದರೆ ಜೋಡಿಗಳು 9,870. ಇದನ್ನು ಮನುಷ್ಯರೇ ಕೂತು ಮಾಡಬೇಕು. ಕಂಪ್ಯೂಟರ್ ಬರೋದು ಆಮೇಲೆ. ಹೆಚ್ಚು ಸಂಬಂಧ ಇರುವ ಬೇಡಿಕೆಗಳು ಒಂದೇ ಗುಂಪಿನಲ್ಲಿ ಬರಬೇಕು, ಗುಂಪು ಗುಂಪಿನ ನಡುವೆ ಸಂಬಂಧ ಆದಷ್ಟು ಕಡಿಮೆ ಇರಬೇಕು, ಹಾಗೆ ಒಡೆಯೋದು ಐಬಿಎಂ 7090 ಯಂತ್ರದ ಪಾಲಿನ ಕೆಲಸ. ಹೈ ಕೊಹೆಷನ್, ಲೋ ಕಪ್ಲಿಂಗ್ ಅಂತ ನಾವು ಕೋಡ್ ರಿವ್ಯೂನಲ್ಲಿ ಜಗಳ ಆಡ್ತೀವಲ್ಲ, ಅದೇ. ಕೊನೆಗೆ 4 ದೊಡ್ಡ ಗುಂಪು, ಅವುಗಳೊಳಗೆ 12 ಚಿಕ್ಕ ಗುಂಪು ಬಂದವು. ಪ್ರತಿ ಗುಂಪಿಗೂ ಒಂದು ರೇಖಾಚಿತ್ರ, ಚಿತ್ರಗಳನ್ನು ಜೋಡಿಸಿದರೆ ಹಳ್ಳಿ. 1964ರಲ್ಲಿ ಇದು ಪುಸ್ತಕವಾಗಿ ಬಂದು ಹೆಸರಾಯಿತು.

ನನ್ನ ಪಟ್ಟಿಯಲ್ಲಿ ಎಷ್ಟು ಸಾಲು ಇತ್ತು ಅಂತ ಎಣಿಸಿದೆ. ಹನ್ನೊಂದು. ಹನ್ನೊಂದೂ ನಾನು ಮತ್ತು ಅಪ್ಪ ಹೇಳಿದ್ದೇ. ಅವರು ಆ ಹಳ್ಳಿಯಲ್ಲಿ ತಿಂಗಳುಗಟ್ಟಲೆ ಇದ್ದು ಬರೆದ ಪಟ್ಟಿ, ನಾನು ಹುಟ್ಟಿ ಬೆಳೆದ ಮನೆಯ ಪಟ್ಟಿಯನ್ನು ಬೆಂಗಳೂರಿನ ಪಿಜಿಯಲ್ಲಿ ಕೂತು ಬರೆದಿದ್ದೆ.

ಆದರೆ ನನ್ನನ್ನು ತಡೆದು ನಿಲ್ಲಿಸಿದ್ದು ಮುಂದಿನ ಕಥೆ. ಪುಸ್ತಕ ಬಂದ ಮರುವರ್ಷವೇ, 1965ರಲ್ಲಿ, ನಗರ ಅನ್ನೋದು ಮರವಲ್ಲ ಅಂತ ಅವರೇ ಒಂದು ಪ್ರಬಂಧ ಬರೆದರು. ಇಲ್ಲಿ ಮರ ಅಂದರೆ ನಮ್ಮ ಡೇಟಾ ಸ್ಟ್ರಕ್ಚರ್‌ನ ಟ್ರೀ. ಒಂದು ಬೇರು, ಕೊಂಬೆ, ಉಪಕೊಂಬೆ, ಎಲೆ. ಒಂದು ಎಲೆಯಿಂದ ಇನ್ನೊಂದು ಎಲೆಗೆ ಹೋಗಬೇಕಾದರೆ ಮೇಲಕ್ಕೆ ಹತ್ತಿ ಇಳಿಯಬೇಕು, ಅಡ್ಡದಾರಿ ಇಲ್ಲ. ಯೋಜನೆ ಹಾಕಿ ಕಟ್ಟಿದ ಊರುಗಳು ಹೀಗೆ ಮರದಂತಿವೆ, ತಾವಾಗಿ ಬೆಳೆದ ಊರುಗಳು ಹಾಗಿಲ್ಲ, ಅವುಗಳಲ್ಲಿ ಗುಂಪುಗಳು ಒಂದರ ಮೇಲೊಂದು ಹಾದುಹೋಗಿರುತ್ತವೆ ಅನ್ನೋದು ವಾದ. ಮರದ ಉದಾಹರಣೆಗಳಲ್ಲಿ ನಮ್ಮ ಚಂಡೀಗಢವೂ ಇದೆ.

ಅದರಲ್ಲಿ ಬರ್ಕ್ಲಿ ಊರಿನ ಒಂದು ಮೂಲೆಯ ಪ್ರಸ್ತಾಪ ಬರುತ್ತೆ. ಅಲ್ಲೊಂದು ಔಷಧಿ ಅಂಗಡಿ, ಅದರ ಬಾಗಿಲಲ್ಲಿ ಪೇಪರ್ ಸ್ಟ್ಯಾಂಡ್, ಎದುರಿಗೆ ಟ್ರಾಫಿಕ್ ಸಿಗ್ನಲ್. ಸಿಗ್ನಲ್ ಕೆಂಪಿದ್ದಾಗ ನಿಂತ ಜನ ಪೇಪರ್ ಮೇಲೆ ಕಣ್ಣಾಡಿಸುತ್ತಾರೆ, ಕೆಲವರು ಕೊಳ್ಳುತ್ತಾರೆ. ಸಿಗ್ನಲ್ ರಸ್ತೆ ಇಲಾಖೆಯ ಲೆಕ್ಕಕ್ಕೆ, ಪೇಪರ್ ಅಂಗಡಿಯ ಲೆಕ್ಕಕ್ಕೆ ಅಂತ ಬೇರೆ ಬೇರೆ ಕೊಂಬೆಗೆ ಹಾಕಿದರೆ ಈ ಸಂಬಂಧ ಎಲ್ಲೂ ಕಾಣೋದಿಲ್ಲ. ನಮ್ಮ ಕಡೆಯ ಬಸ್ ಸ್ಟ್ಯಾಂಡ್ ಪಕ್ಕದ ಟೀ ಅಂಗಡಿಗೂ ಇದೇ ಮಾತು.

1971ರಲ್ಲಿ ತಮ್ಮ ಆ 1964ರ ಪುಸ್ತಕದ ಮರುಮುದ್ರಣಕ್ಕೆ ಬರೆದ ಮುನ್ನುಡಿಯಲ್ಲಿ, ವಿನ್ಯಾಸ ಮಾಡದೇ ವಿನ್ಯಾಸದ ವಿಧಾನವನ್ನು ಮಾತ್ರ ಅಧ್ಯಯನ ಮಾಡೋರಿಂದ ಅವರು ದೂರ ಸರಿದರು. ಅಲ್ಗಾರಿದಮ್‌ಗಿಂತ ಆ ಚಿಕ್ಕ ಚಿಕ್ಕ ರೇಖಾಚಿತ್ರಗಳೇ ಮುಖ್ಯ ಅನ್ನೋದು ಅವರಿಗೆ ಖಚಿತವಾಗಿತ್ತು. ಅವೇ ಮುಂದೆ ಪ್ಯಾಟರ್ನ್ ಆದವು. 1977ರಲ್ಲಿ ಸಂಗಡಿಗರ ಜೊತೆ ತಂದ ದಪ್ಪ ಪುಸ್ತಕದಲ್ಲಿ 253 ಪ್ಯಾಟರ್ನ್‌ಗಳಿವೆ. 159ನೆಯದು, ಪ್ರತಿ ಕೋಣೆಗೂ ಎರಡು ಕಡೆಯಿಂದ ಬೆಳಕು ಬರಬೇಕು ಅನ್ನುತ್ತೆ. 167ನೆಯದು, ಆರಡಿಗಿಂತ ಕಿರಿದಾದ ಬಾಲ್ಕನಿಯನ್ನು ಜನ ಬಳಸೋದೇ ಇಲ್ಲ ಅನ್ನುತ್ತೆ. ಬೆಂಗಳೂರಿನ ಅಪಾರ್ಟ್‌ಮೆಂಟ್‌ಗಳ ಬಾಲ್ಕನಿಯಲ್ಲಿ ವಾಷಿಂಗ್ ಮಷಿನ್ ಬಿಟ್ಟು ಇನ್ಯಾರೂ ಇರೋದನ್ನ ನಾನಂತೂ ನೋಡಿಲ್ಲ. 1987ರಲ್ಲಿ ಕೆಂಟ್ ಬೆಕ್ ಮತ್ತು ವಾರ್ಡ್ ಕನಿಂಗ್‌ಹ್ಯಾಮ್ ಈ ಪ್ಯಾಟರ್ನ್ ಕಲ್ಪನೆಯನ್ನು ಸಾಫ್ಟ್‌ವೇರ್‌ಗೆ ತಂದರು. ಪ್ಯಾಟರ್ನ್‌ಗಳನ್ನು ಎಲ್ಲರೂ ಸೇರಿ ಬರೆಯೋಕೆ ಅಂತ ಕನಿಂಗ್‌ಹ್ಯಾಮ್ 1995ರಲ್ಲಿ ಮಾಡಿದ್ದೇ ಮೊದಲ ವಿಕಿ. ಮರುವರ್ಷ ಸಾಫ್ಟ್‌ವೇರ್ ಜನ ಅಲೆಕ್ಸಾಂಡರ್ ಅವರನ್ನೇ ಸ್ಯಾನ್ ಹೋಸೆಯ ಸಮ್ಮೇಳನಕ್ಕೆ ಕರೆಸಿದಾಗ, ನಿಮ್ಮ ಪ್ರೋಗ್ರಾಮ್‌ಗಳಿಂದ ಜನರ ಬದುಕು ನಿಜಕ್ಕೂ ಮೇಲಾಗ್ತಿದೆಯಾ ಅನ್ನೋ ಅರ್ಥದ ಪ್ರಶ್ನೆಯನ್ನು ಅವರ ಮುಂದಿಟ್ಟರು. 2022ರ ಮಾರ್ಚ್‌ನಲ್ಲಿ ತೀರಿಕೊಂಡರು.

ಬಸ್ಸು ಚನ್ನರಾಯಪಟ್ಟಣ ದಾಟಿತ್ತು. ನನ್ನ ತಲೆಯಲ್ಲಿ ಓಡುತ್ತಿದ್ದದ್ದು ಒಂದೇ: ಅಮ್ಮನ ಬೆರಳು ಅಡುಗೆಮನೆಯಲ್ಲಿ ನಿಂತದ್ದು. ಅಡುಗೆಮನೆ ಒಂದು ಎಲೆ. ಅಲ್ಲಿಂದ ಮುಂದೆ ದಾರಿಯಿಲ್ಲ, ವಾಪಸ್ ಹಾಲ್‌ಗೇ ಬರಬೇಕು.

ಬಾಗಿಲುಗಳ ಲೆಕ್ಕ

ಮನೆಯನ್ನು ಗ್ರಾಫ್ ಆಗಿ ನೋಡುವ ವಿದ್ಯೆಗೆ ಸ್ಪೇಸ್ ಸಿಂಟ್ಯಾಕ್ಸ್ ಅಂತ ಹೆಸರು. ಲಂಡನ್ ಯೂನಿವರ್ಸಿಟಿ ಕಾಲೇಜಿನ ಬಿಲ್ ಹಿಲಿಯರ್ ಮತ್ತು ಜೂಲಿಯೆನ್ ಹ್ಯಾನ್ಸನ್ 1984ರ ತಮ್ಮ ಪುಸ್ತಕದಲ್ಲಿ ಇದನ್ನು ಕಟ್ಟಿಕೊಟ್ಟರು. ಪೆನ್ನು ಕಾಗದ ಸಾಕು. ಪ್ರತಿ ಕೋಣೆಗೆ ಒಂದು ಸೊನ್ನೆ, ಎರಡು ಕೋಣೆ ನಡುವೆ ಬಾಗಿಲಿದ್ದರೆ ಒಂದು ಗೆರೆ. ಬೀದಿಯೂ ಒಂದು ಸೊನ್ನೆ, ಅದನ್ನು ಎಲ್ಲಕ್ಕಿಂತ ಕೆಳಗೆ ಬರೀಬೇಕು. ಬೀದಿಯಿಂದ ಒಂದು ಬಾಗಿಲು ದಾಟಿದರೆ ಸಿಗುವ ಜಾಗಗಳು ಮೊದಲ ಸಾಲಿನಲ್ಲಿ, ಎರಡು ದಾಟಿದರೆ ಸಿಗುವಂಥವು ಅದರ ಮೇಲೆ. ಗೋಡೆ, ಟೈಲ್ಸು, ಬಣ್ಣ, ಅಳತೆ ಎಲ್ಲ ಮಾಯವಾಗಿ ಯಾರು ಯಾರನ್ನು ದಾಟಿ ಹೋಗಬೇಕು ಅನ್ನೋದಷ್ಟೇ ಉಳಿಯುತ್ತೆ. ಮನೆಯ ಯಜಮಾನಿಕೆ ಯಾರ ಕೈಲಿದೆ ಅಂತ ಆ ಚಿತ್ರ ಬಾಯಿಬಿಡುತ್ತೆ.

ಮುಂದಿನ ಭಾನುವಾರ ನಮ್ಮ ಊರಿನ ತೊಟ್ಟಿಮನೆಯ ಗ್ರಾಫ್ ಬರೆದೆ. ಬೀದಿ, ಜಗಲಿ, ತೊಟ್ಟಿ, ಎರಡು ಕೋಣೆ, ದೇವರ ಮನೆ, ಅಡುಗೆಮನೆ, ಬಚ್ಚಲು, ಹಿತ್ತಲು, ಕೊಟ್ಟಿಗೆ. ಹತ್ತು ಸೊನ್ನೆ. ಗೆರೆಗಳನ್ನು ಎಣಿಸಿದರೆ ಹನ್ನೆರಡು. ತೊಟ್ಟಿಯಿಂದ ದೇವರ ಮನೆಗೆ ಒಂದು ಬಾಗಿಲು, ದೇವರ ಮನೆಯಿಂದ ಅಡುಗೆಮನೆಗೆ ಇನ್ನೊಂದು. ಅಡುಗೆಮನೆಯಿಂದ ನೇರ ಹಿತ್ತಲಿಗೆ ಹೋಗಬಹುದು, ಬಚ್ಚಲು ದಾಟಿಯೂ ಹೋಗಬಹುದು. ಹಿತ್ತಲಿನಿಂದ ಪಕ್ಕದ ಓಣಿಯಲ್ಲಿ ಬೀದಿಗೆ. ಗ್ರಾಫ್ ಥಿಯರಿ ಓದಿದೋರಿಗೆ ಗೊತ್ತಿರುತ್ತೆ: ಗೆರೆಗಳಿಂದ ಸೊನ್ನೆಗಳನ್ನು ಕಳೆದು ಒಂದು ಕೂಡಿಸಿದರೆ ಎಷ್ಟು ಸುತ್ತುದಾರಿ ಇದೆ ಅಂತ ಬರುತ್ತೆ. ನಮ್ಮ ಹಳೇ ಮನೆಗೆ ಮೂರು.

ನನ್ನ ಮೊದಲ ರ‍್ಯಾಂಕ್ ಮನೆಯಲ್ಲಿ ಸೊನ್ನೆಗಳು ಒಂಬತ್ತು, ಗೆರೆಗಳು ಎಂಟು. ಸುತ್ತುದಾರಿ ಸೊನ್ನೆ. ಅಪ್ಪಟ ಮರ. ಬೇರು ಹಾಲ್, ಉಳಿದದ್ದೆಲ್ಲ ಎಲೆ.

ಆ ಎರಡು ಚಿತ್ರಗಳನ್ನು ಪಕ್ಕ ಪಕ್ಕ ಇಟ್ಟು ನೋಡಿದಾಗ ನನಗೆ ನಾಚಿಕೆಯಾಯಿತು. ಊರಿನ ಮನೆಯಲ್ಲಿ ಜಗಲಿಯೂ ತೊಟ್ಟಿಯೂ ಅಪ್ಪನ ಜಾಗ. ಅಡಿಕೆ ವ್ಯಾಪಾರದವರು, ಪಂಚಾಯಿತಿಯವರು, ಸುಮ್ಮನೆ ಹರಟೆಗೆ ಬಂದವರು, ಯಾರಾದರೂ ಇದ್ದೇ ಇರ್ತಾರೆ. ಅವರ ನಡುವೆ ಹಾದು ಅಮ್ಮ ಬೀದಿಗೆ ಹೋದದ್ದನ್ನು ನಾನು ನೋಡಿದ್ದೇ ಅಪರೂಪ. ಆದರೆ ಅಮ್ಮ ಮನೆಯೊಳಗೇ ಕೂತವಳಲ್ಲ. ಹಿತ್ತಲ ಬಾಗಿಲಿಂದ ಹೋಗಿ ಪಕ್ಕದ ಮನೆ ಅತ್ತೆಯ ಹತ್ತಿರ ಕರಿಬೇವು ತರುತ್ತಾಳೆ, ಸಂಘದ ದುಡ್ಡು ಕಟ್ಟಿ ಬರುತ್ತಾಳೆ. ಹಾಲು ಹಾಕಿಸಿಕೊಳ್ಳೋರು, ಹೂವಿನವಳು, ದುಃಖ ಹೇಳಿಕೊಳ್ಳೋಕೆ ಬರುವ ಹೆಂಗಸರು, ಎಲ್ಲರೂ ಬರೋದು ಆ ದಾರಿಯಲ್ಲೇ. ಗ್ರಾಫಿನಲ್ಲಿ ನೋಡಿದರೆ ಮುಂಬಾಗಿಲಿಂದ ಬಂದವರಿಗೆ ಅಡುಗೆಮನೆ ಮೂರು ಹೆಜ್ಜೆ ದೂರ, ಓಣಿಯಿಂದ ಬಂದವರಿಗೆ ಎರಡೇ.

ಹೊಸ ಮನೆಯಲ್ಲಿ ಒಂದೇ ದಾರಿ, ಮೂರು ಹೆಜ್ಜೆ, ಅದೂ ಟಿವಿ ಮುಂದೆ ಕೂತ ಅಪ್ಪನನ್ನು ದಾಟಿ. ಅಮ್ಮನಿಗೆ ಮಾಡ್ಯುಲರ್ ಕಿಚನ್, ಚಿಮಣಿ, ಗ್ರಾನೈಟ್ ಎಲ್ಲ ಕೊಡ್ತೀನಿ ಅಂತ ಬೀಗುತ್ತಿದ್ದವನು, ಅವಳ ಬಾಗಿಲನ್ನೇ ಕಿತ್ತುಕೊಂಡಿದ್ದೆ. ಅವಳಿಗೆ ಸ್ಪೇಸ್ ಸಿಂಟ್ಯಾಕ್ಸ್ ಗೊತ್ತಿಲ್ಲ. ಬೆರಳಿಟ್ಟು ಅರ್ಧ ನಿಮಿಷದಲ್ಲಿ ಕಂಡುಹಿಡಿದಿದ್ದಳು.

ಹಾಗಂತ ಹಳೇ ಮನೆ ಸ್ವರ್ಗ ಅಂತಲ್ಲ. ಹಿಂದಿನ ಬಾಗಿಲು ಅವಳಿಗೆ ಸ್ವಾತಂತ್ರ್ಯ ಆಗಿದ್ದೇ ಮುಂದಿನ ಬಾಗಿಲು ಅವಳದಲ್ಲದ ಕಾರಣಕ್ಕೆ. ಕೆಲಸಕ್ಕೆ ಬರೋರಲ್ಲಿ ಕೆಲವರು ಆ ಓಣಿಯಿಂದ ಮಾತ್ರ ಬರಬೇಕಿತ್ತು, ಯಾಕೆ ಅಂತ ನಾನು ಚಿಕ್ಕವನಿದ್ದಾಗ ಕೇಳಿರಲಿಲ್ಲ. ಅದೂ ಈ ಗ್ರಾಫಿನಲ್ಲಿ ಕಾಣುತ್ತೆ. ಅಲೆಕ್ಸಾಂಡರ್ 141 ಸಾಲಿನ ಪಟ್ಟಿಯನ್ನು ಶುರು ಮಾಡಿದ್ದೇ ಅಸ್ಪೃಶ್ಯತೆಯ ಪ್ರಸ್ತಾಪದಿಂದ.

ಈಗ ಫೋನಿನಲ್ಲಿ ಒಂದು ವಾಕ್ಯ ಟೈಪ್ ಮಾಡಿದರೆ ಎಐ ಚೆಂದದ ಎಲಿವೇಷನ್ ಬರೆದು ಕೊಡುತ್ತೆ. ನಮ್ಮ ಫ್ಯಾಮಿಲಿ ವಾಟ್ಸ್ಆ್ಯಪ್ ಗ್ರೂಪಿಗೆ ದಿನಕ್ಕೊಂದು ಬರುತ್ತಿತ್ತು, ಎಲ್ಲದರಲ್ಲೂ ಸಂಜೆಯ ಬೆಳಕು, ಮುಂದೊಂದು ಕಾರು. ಒಂದರಲ್ಲೂ ಹಿಂದಿನ ಗೋಡೆ ಕಾಣಲಿಲ್ಲ. ಚಿತ್ರ ಬರೆಯುವ ಯಂತ್ರದ ಮೇಲೆ ನನಗೆ ಕೋಪವಿಲ್ಲ, ನನ್ನ ಪ್ರೋಗ್ರಾಮೂ ಅಷ್ಟೇ ಕುರುಡಾಗಿತ್ತು. ನನಗೆ ಉಪಯೋಗಕ್ಕೆ ಬಂದದ್ದು ಎಲ್ಲಕ್ಕಿಂತ ದಡ್ಡ ಲೆಕ್ಕ, ಕೂಡಿ ಕಳೆಯುವಂಥದ್ದು. ಅದು ಉತ್ತರ ಕೊಡಲಿಲ್ಲ, ಯಾವುದರ ಬಗ್ಗೆ ಮಾತಾಡಬೇಕು ಅಂತ ತೋರಿಸಿತು.

ಮೂರಡಿ ಓಣಿ

ಈ ಸಲ ಪ್ರಿಂಟ್ ತಗೊಂಡು ಹೋಗಲಿಲ್ಲ. ಎರಡು ಗ್ರಾಫ್ ಬರೆದ ನೋಟ್‌ಬುಕ್ ಹಾಳೆ ತಗೊಂಡು ಹೋಗಿ ಅಡುಗೆಮನೆಯಲ್ಲೇ ಕೂತೆ. "ಇದೇನೋ ರಂಗೋಲಿ ಥರ ಇದೆ" ಅಂದಳು. ಯಾವ ಸೊನ್ನೆ ಯಾವ ಕೋಣೆ ಅಂತ ಹೇಳಿದ ಮೇಲೆ ಅವಳೇ ಶುರು ಮಾಡಿದಳು. ಹೂವಿನವಳು ಬಂದರೆ ಎಲ್ಲಿ ನಿಲ್ಲಬೇಕು? ಗೇಟು ಶಬ್ದವಾದರೆ ಯಾರು ಅಂತ ಒಲೆ ಮುಂದಿಂದಲೇ ಕಾಣಬೇಕು. ಹಪ್ಪಳ ಎಲ್ಲಿ ಒಣಗಿಸೋದು? ಮಳೇಲಿ ಒದ್ದೆ ಕಾಲಲ್ಲಿ ಬಂದೋರು ಹಾಲ್ ತುಳೀದೇ ಹೇಗೆ ಬರೋದು? ನಾನು ಬರೆದುಕೊಳ್ಳುತ್ತಾ ಹೋದೆ. ಸಂಜೆ ಕಾಫಿ ಹೊತ್ತಿಗೆ ನನ್ನ ಎಕ್ಸೆಲ್ ಶೀಟ್ ಹನ್ನೊಂದು ಸಾಲಿನಿಂದ 38ಕ್ಕೆ ಬೆಳೆದಿತ್ತು.

ಉತ್ತರ ನಾನು ಮರೆತಿದ್ದ ಸೆಟ್‌ಬ್ಯಾಕ್‌ನಲ್ಲೇ ಇತ್ತು. ಪೂರ್ವದ ಕಡೆ ಹೇಗಿದ್ದರೂ ಮೂರಡಿ ಖಾಲಿ ಬಿಡಬೇಕು. ಅಡುಗೆಮನೆ ಆಗ್ನೇಯದಲ್ಲಿದೆ. ಅದರ ಹಿಂದೆ ಒಂದು ಪುಟ್ಟ ಯುಟಿಲಿಟಿ, ಅಲ್ಲಿಂದ ಪೂರ್ವದ ಖಾಲಿ ಜಾಗಕ್ಕೆ ಒಂದು ಬಾಗಿಲು, ಆ ಜಾಗದ ತುದಿಗೆ ರಸ್ತೆ ಕಡೆ ಒಂದು ಚಿಕ್ಕ ಗೇಟು. ಯುಟಿಲಿಟಿ ಅಂತ ಒಂದು ಸೊನ್ನೆ ಹೆಚ್ಚಾಯಿತು, ಗೆರೆ ಎರಡು ಹೆಚ್ಚಾದವು. ಸೊನ್ನೆ ಹತ್ತು, ಗೆರೆ ಹತ್ತು, ಸುತ್ತುದಾರಿ ಒಂದು. ಓಣಿಯಿಂದ ಬಂದರೆ ಅಡುಗೆಮನೆ ಮತ್ತೆ ಎರಡೇ ಹೆಜ್ಜೆ. ಅಂಕದ ಪಟ್ಟಿಯಲ್ಲಿ ಮಾತ್ರ ಈ ಮನೆ ತೀರಾ ಕೆಳಗೆ ಹೋಯಿತು, ಗೋಡೆ ಜಾಸ್ತಿ, ಖರ್ಚು ಜಾಸ್ತಿ. ಅಂಕ ಕೊಡುವ ಫಂಕ್ಷನ್ನನ್ನೇ ಡಿಲೀಟ್ ಮಾಡಿದೆ.

ನಿಯಮಗಳನ್ನು ಹಾಗೇ ಇಟ್ಟುಕೊಂಡಿದ್ದೀನಿ. ಏನಾದರೂ ಬದಲಾಯಿಸಿದಾಗ ಯಾವುದು ಮುರಿಯಿತು ಅಂತ ಹೇಳೋಕೆ ಅವು ಬೇಕು, ನಮ್ಮ ಯೂನಿಟ್ ಟೆಸ್ಟ್‌ಗಳ ಹಾಗೆ. ಮೆಟ್ಟಿಲು ಅರ್ಧ ಅಡಿ ಸರಿಸಿದಾಗ ಅಪ್ಪನ ರೂಮಿನ ಎರಡನೇ ಕಿಟಕಿ ಮುಚ್ಚಿಹೋಗುತ್ತೆ ಅಂತ ಹಿಡಿದುಕೊಟ್ಟದ್ದು ಅದೇ. ಕೊನೆಗೆ ಒಬ್ಬ ಆರ್ಕಿಟೆಕ್ಟ್ ಹತ್ತಿರವೂ ಹೋದೆವು. ಅವರು ನನ್ನ ಚೌಕಗಳನ್ನೆಲ್ಲ ಪಕ್ಕಕ್ಕಿಟ್ಟು, ಬಾಗಿಲುಗಳ ಗ್ರಾಫನ್ನು ಮಾತ್ರ ಇಸಿದುಕೊಂಡರು. ವಾರದಲ್ಲಿ ಅವರು ಬರೆದುಕೊಟ್ಟ ಮನೆಯಲ್ಲಿ ಅಡುಗೆಮನೆಗೂ ಹಾಲ್‌ಗೂ ನಡುವೆ ಒಂದು ಮೊಣಕೈ ಎತ್ತರದ ಗೋಡೆ ಇದೆ. ಅದು ನನ್ನ 39 ಲಕ್ಷದಲ್ಲಿ ಇರೋಕೆ ಸಾಧ್ಯವೇ ಇರಲಿಲ್ಲ, ಯಾಕೆಂದರೆ ನನ್ನ ಕೋಡ್‌ನಲ್ಲಿ ಗೋಡೆ ಇರುತ್ತೆ ಅಥವಾ ಇರಲ್ಲ, ಅರ್ಧ ಗೋಡೆ ಅನ್ನೋದು ಇಲ್ಲ.

ತಕರಾರುಗಳು ಮುಗಿದಿಲ್ಲ. ಎರಡು ಗೇಟು ಯಾಕೆ, ಕಳ್ಳರಿಗೆ ಕರೆದ ಹಾಗೆ ಅಂತ ಅಪ್ಪ. ಯುಟಿಲಿಟಿಗೆ ಜಾಗ ಕೊಟ್ಟು ನನ್ನ ರೂಮಿನ ವಾರ್ಡ್‌ರೋಬ್ ಹೋಯಿತು. ಕಂಟ್ರ್ಯಾಕ್ಟರ್ ಆ ಬಾಗಿಲಿಗೂ ಗ್ರಿಲ್‌ಗೂ ಸೇರಿಸಿ ಹೊಸ ಎಸ್ಟಿಮೇಟ್ ಕಳಿಸಿದ್ದಾರೆ, ಅದನ್ನು ಇನ್ನೂ ಪೂರ್ತಿ ಓದುವ ಧೈರ್ಯ ಬಂದಿಲ್ಲ. ಪಾಯ ಮುಗಿದಿದೆ.

ಅಮ್ಮ ಬರ್ತೀನಿ ಅಂತ ಇನ್ನೂ ಹೇಳಿಲ್ಲ. "ಗೃಹಪ್ರವೇಶಕ್ಕೆ ಬರ್ತೀನಿ, ಆಮೇಲೆ ನೋಡೋಣ" ಅಂತಾಳೆ. ಮೊನ್ನೆ ರಾತ್ರಿ ಹತ್ತು ಗಂಟೆಗೆ ಫೋನ್ ಮಾಡಿದಳು. ಅಷ್ಟೊತ್ತಲ್ಲಿ ಅವಳು ಮಾಡೋಳೇ ಅಲ್ಲ, ಅಪ್ಪನಿಗೇನೋ ಆಯ್ತು ಅಂತ ಗಾಬರಿಯಾಯಿತು.

"ಆ ಹಿಂದಿನ ಬಾಗಿಲಿಗೆ ಚಿಲಕ ಎಲ್ಲಿ ಹಾಕಿಸ್ತಿದೀಯ?"

"ಒಳಗಡೆ ಅಮ್ಮ. ಯಾಕೆ?"

"ಹೊರಗಡೆನೂ ಒಂದು ಹಾಕಿಸು. ನಾನು ಆ ಕಡೆಯಿಂದ ಹೋದರೆ ಬಾಗಿಲು ಹಾಕ್ಕೊಂಡು ಹೋಗಬೇಕಲ್ಲ."

39ನೇ ಸಾಲಿಗೆ ಬರೆದುಕೊಂಡೆ.